ಮಗಳು ಸಂಜೆ ಸುತ್ತಾಡುವುದನ್ನೇ ಬಿಟ್ಟಿದ್ದಾಳೆ. ನಿಮ್ಮ ಏರಿಯಾದ ಮಕ್ಕಳು ಸುಮ್ನೆ ನಡೆಯಲು ಹೋಗ್ತಾರಾ?

ಕುಕ್ಕರಹಳ್ಳಿ ಕಡೆಯವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಹೋದ ಜೂನ್‌ನಲ್ಲಿ ಟ್ರಾನ್ಸ್‌ಫರ್ ಆಗಿ ಮೈಸೂರಿನಿಂದ ಬೆಂಗಳೂರಿಗೆ ಬಂದೆವು. ಅಲ್ಲಿ ಸರಸ್ವತಿಪುರಂನಲ್ಲಿ ಮನೆ. ಇಲ್ಲಿ ಥಣಿಸಂದ್ರದ ಹತ್ತಿರ ಅಪಾರ್ಟ್‌ಮೆಂಟ್. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು.

ಮೈಸೂರಿನಲ್ಲಿ ಸಂಜೆ ಐದು ಗಂಟೆ ಆಯಿತು ಅಂದರೆ ಅವಳ ಗೆಳತಿ ಗೇಟಿನ ಹತ್ತಿರ ಬಂದು ಹೆಸರು ಹಿಡಿದು ಕೂಗುತ್ತಿದ್ದಳು. ಇಬ್ಬರೂ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದರು. ಕುವೆಂಪು ಅವರು ನಡೆದಾಡುತ್ತಿದ್ದ ಕೆರೆ ಅದು ಅಂತ ನಾನು ಶುರು ಮಾಡಿದರೆ "ಗೊತ್ತಮ್ಮ" ಅಂತ ಚಪ್ಪಲಿ ಹಾಕಿಕೊಂಡು ಓಡುತ್ತಿದ್ದಳು. ಏರಿ ಮೇಲೆ ಅರ್ಧ ದೂರ ನಡೆಯುವುದು, ಒಂದು ಕಲ್ಲುಬೆಂಚಿನ ಮೇಲೆ ಕೂತು ಹೆಜ್ಜಾರ್ಲೆ ಹಕ್ಕಿಗಳು (ಪೆಲಿಕನ್) ನೀರಿಗೆ ಇಳಿಯುವುದನ್ನು ನೋಡುವುದು, ವಾಪಸ್ ಬರುವಾಗ ಚುರುಮುರಿ. ಒಂದೂವರೆ ಗಂಟೆ ಕಳೆದದ್ದೇ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಅವಳು ವಾಕಿಂಗ್ ಅಂತ ಹೆಸರು ಕೂಡ ಇಟ್ಟಿರಲಿಲ್ಲ. "ಅಮ್ಮ, ಹೋಗಿ ಬರ್ತೀನಿ" ಅನ್ನುತ್ತಿದ್ದಳು, ಅಷ್ಟೇ.

ಇಲ್ಲಿಗೆ ಬಂದು ಏಳು ತಿಂಗಳಾಯಿತು. ಅವಳಾಗಿ ಗೇಟು ದಾಟಿದ ದಿನಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಸ್ಕೂಲ್ ಬಸ್ಸು, ಮನೆ, ಮೊಬೈಲು. ವಯಸ್ಸಿನ ದೋಷ ಅಂದುಕೊಂಡೆ. ಮೊಬೈಲ್ ಕಿತ್ತುಕೊಂಡು ಬೈದೆ ಕೂಡ. ಅದಕ್ಕೆ ಈಗ ಬೇಜಾರಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಾನು ದಿನಾ ಸ್ಕೂಟರಿನಲ್ಲಿ ಓಡಾಡುವವಳು. ಹೋದ ಶನಿವಾರ ಸ್ಕೂಟರ್ ಸರ್ವೀಸಿಗೆ ಕೊಟ್ಟಿದ್ದೆ. ಕೊತ್ತಂಬರಿ ಸೊಪ್ಪು ಬೇಕಿತ್ತು. ಸಂಜೆ ಆರೂವರೆಗೆ ಮೊದಲ ಸಲ ನಮ್ಮ ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ಹೊರಟೆ. ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಒಂದು ನಲವತ್ತು ಹೆಜ್ಜೆ ಚೆಂದದ ಟೈಲ್ಸ್. ಅಲ್ಲಿಂದ ಮುಂದೆ ಮೋರಿ ಮೇಲಿನ ಚಪ್ಪಡಿಗಳು. ಮೂರನೆಯದು ಕಾಲಿಟ್ಟರೆ ಡಬ್ ಅಂತ ಅಲುಗುತ್ತದೆ. ಆರನೆಯದು ಇಲ್ಲವೇ ಇಲ್ಲ. ಆ ತೂತಿಗೆ ಯಾರೋ ಮರದ ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ, ಪುಣ್ಯ ಬರಲಿ ಅವರಿಗೆ. ಆಮೇಲೆ ಸಾಲಾಗಿ ನಿಲ್ಲಿಸಿದ ಬೈಕುಗಳು, ಒಂದು ಟ್ರಾನ್ಸ್‌ಫಾರ್ಮರ್. ರಸ್ತೆಗೆ ಇಳಿಯಲೇಬೇಕು. ಇಳಿದರೆ ನೀರಿನ ಟ್ಯಾಂಕರ್ ಬೆನ್ನ ಹಿಂದೆಯೇ ಹಾರ್ನ್ ಹೊಡೆಯುತ್ತದೆ. ಅದಾದ ಮೇಲೆ ಇನ್ನೂರು ಹೆಜ್ಜೆ ಎರಡೂ ಕಡೆ ತಗಡಿನ ಶೀಟು ಹೊಡೆದ ಖಾಲಿ ಸೈಟುಗಳು. ಮನೆಯಿಲ್ಲ, ಅಂಗಡಿಯಿಲ್ಲ, ಕಿಟಕಿಯಿಲ್ಲ. ಅಲ್ಲಿರುವ ಮೂರು ಬೀದಿದೀಪಗಳಲ್ಲಿ ಒಂದು ಮಾತ್ರ ಉರಿಯುತ್ತಿತ್ತು. ಕೊನೆಗೆ ಟೀ ಅಂಗಡಿ. ಹತ್ತು ಹದಿನೈದು ಗಂಡಸರು ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ. ಆದರೆ ಎಲ್ಲರೂ ತಿರುಗಿ ನೋಡಿದರು. ಆ ಜಾಗದಲ್ಲಿ ಹೆಣ್ಣು ಅಂತ ಇದ್ದದ್ದು ನಾನೊಬ್ಬಳೇ.

ಮೇನ್ ರೋಡಿಗೆ 640 ಹೆಜ್ಜೆ. 43 ವರ್ಷದ ನನಗೇ ಎದೆ ಡವಡವ ಅಂದಿತು. ಇದೇ ರಸ್ತೆಯಲ್ಲಿ "ಹೋಗಿ ಸುತ್ತಾಡಿಕೊಂಡು ಬಾ" ಅಂತ ನಾನು ಏಳು ತಿಂಗಳಿಂದ ಹೇಳುತ್ತಿದ್ದೇನೆ!

ಮನೆಗೆ ಬಂದು ಅವಳ ಹತ್ತಿರ ಕೂತು ಕೇಳಿದೆ. "ಹೋಗೋದಾದ್ರೂ ಎಲ್ಲಿಗಮ್ಮ? ಯಾರ ಜೊತೆ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಕಾಂಪೌಂಡಿನ ಒಳಗೆ ವಾಕಿಂಗ್ ಟ್ರ್ಯಾಕ್ ಇದೆ. ಐದು ದಿನ ಸುತ್ತಿದಳು. "ಗಾಣದೆತ್ತಿನ ಥರ ಆಗುತ್ತೆ" ಅಂತ ಬಿಟ್ಟಳು. ಅದೇ ನಾಲ್ಕು ಬ್ಲಾಕು, ಅದೇ ಪಾರ್ಕಿಂಗು, ಸಿಕ್ಕಿದವರೆಲ್ಲ "ಯಾವ ಕ್ಲಾಸು, ಎಷ್ಟು ಪರ್ಸೆಂಟು?"

ಜಿಮ್ಮು, ಡ್ಯಾನ್ಸ್ ಕ್ಲಾಸು ಹೇಳಬೇಡಿ. ನಾನು ಕೇಳುತ್ತಿರುವುದು ಸುಮ್ನೆ, ಖುಷಿಗೆ ನಡೆಯುವುದು. ನಿಮ್ಮ ಮಕ್ಕಳು ಹೋಗುತ್ತಾರಾ? ನಿಮ್ಮ ಏರಿಯಾದಲ್ಲಿ ಏನಿದೆ, ಅವರನ್ನು ಹೊರಗೆ ಕರೆಯುವಂಥದ್ದು?

ಹನ್ನೊಂದನೇ ಕ್ರಾಸ್, ಮಲ್ಲೇಶ್ವರಂ:

ಮೇಡಂ, ನಿಮ್ಮ ಮಗಳು ಕೇಳಿದ ಪ್ರಶ್ನೆಯಲ್ಲೇ ಎಲ್ಲಾ ಇದೆ. ನನ್ನ ಮಗನಿಗೆ 16. ಅವನು ದಿನಾ ನಡೆಯುತ್ತಾನೆ. ಅದರಲ್ಲಿ ಅವನ ದೊಡ್ಡತನವೂ ಇಲ್ಲ, ನನ್ನದೂ ಇಲ್ಲ. ಎಲ್ಲಾ ಬೀದಿಯದು.

ನಮ್ಮ ಬಡಾವಣೆ 1898ರ ಪ್ಲೇಗ್ ಕಾಲದಲ್ಲಿ ಬೆಳೆದದ್ದು. ಪೇಟೆ ಬಹಳ ಇಕ್ಕಟ್ಟು ಅಂತ ಜನ ಹೊರಗೆ ಬಂದಾಗ ಗಾಳಿ ಬೆಳಕು ಬರಲಿ ಅಂತ ಉದ್ದ ಅಡ್ಡ ರಸ್ತೆ ಹಾಕಿದರು. ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್, ಅಂದರೆ ಕಸ ಸಾಗಿಸಲು ಸಣ್ಣ ಓಣಿ, ಬಿಟ್ಟರು. ಹಾಗಾಗಿ ಒಂದು ಕಡೆಗೆ ಹೋಗಲು ನಾಲ್ಕು ದಾರಿ. ಹೋದ ದಾರಿಯಲ್ಲೇ ವಾಪಸ್ ಬರಬೇಕಿಲ್ಲ. ನನ್ನ ಮಗ, ಅವನ ಇಬ್ಬರು ಸ್ನೇಹಿತರು ದಿನಕ್ಕೊಂದು ಕ್ರಾಸ್ ಹಿಡಿದು ಸಂಪಿಗೆ ರಸ್ತೆಗೆ ಹೋಗುತ್ತಾರೆ. ಹೂವಿನವರು, ಹಳೇ ಹೋಟೆಲು, ಬಟ್ಟೆ ಅಂಗಡಿ, ನೋಡಲು ಏನಾದರೂ ಇದ್ದೇ ಇರುತ್ತದೆ. ಮನಸ್ಸಾದರೆ ಸ್ಯಾಂಕಿ ಕೆರೆ ತನಕ.

ಇಲ್ಲೂ ಫುಟ್‌ಪಾತ್ ಅಷ್ಟಕ್ಕಷ್ಟೇ. ಮರದ ಬೇರು ಎದ್ದು ಕಲ್ಲು ಮೇಲೆ ಬಂದಿದೆ. ಆದರೂ ಹುಡುಗರು ನಡೆಯುತ್ತಾರೆ. ಯಾಕೆಂದರೆ ಬೀದಿಯಲ್ಲಿ ಜನ ಇದ್ದಾರೆ. ಇಸ್ತ್ರಿ ಅಂಗಡಿಯವರಿಗೆ ನನ್ನ ಮಗನ ಹೆಸರು ಗೊತ್ತು. ಅವನು ಯಾವಾಗ ಹೋದ, ಯಾವ ಕಡೆ ಹೋದ ಅಂತ ನನಗಿಂತ ಚೆನ್ನಾಗಿ ಅವರೇ ಹೇಳುತ್ತಾರೆ.

ನಿಮ್ಮ ರಸ್ತೆಯ ಆ ಇನ್ನೂರು ಹೆಜ್ಜೆ ತಗಡಿನ ಗೋಡೆ ಇದೆಯಲ್ಲ, ನನಗೆ ಅದೇ ದೊಡ್ಡ ಅಡ್ಡಿ ಅನ್ನಿಸುತ್ತದೆ. ಒಡೆದ ಚಪ್ಪಡಿಯನ್ನು ದಾಟಬಹುದು. ಯಾರ ಕಣ್ಣೂ ಇಲ್ಲದ ಜಾಗ ದಾಟುವುದು ಕಷ್ಟ.

ಫಿಸಿಯೋ, ದಾವಣಗೆರೆ:

ನಾನು ಫಿಸಿಯೋಥೆರಪಿಸ್ಟ್. 14–15ರ ಮಕ್ಕಳು ಕುತ್ತಿಗೆ ನೋವು, ಬೆನ್ನು ನೋವು ಅಂತ ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಈ ವಿಷಯ ನನಗೂ ತಲೆ ತಿನ್ನುತ್ತಿರುತ್ತದೆ.

ಮೊದಲನೇ ಮಾತು, ಮಗಳನ್ನು ಬೈದದ್ದಕ್ಕೆ ಕೊರಗಬೇಡಿ. ಇದು ನಿಮ್ಮ ಮನೆಯ ಕಥೆ ಮಾತ್ರ ಅಲ್ಲ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2016ರ ಲೆಕ್ಕದ ಪ್ರಕಾರ ಜಗತ್ತಿನ 11–17 ವಯಸ್ಸಿನವರಲ್ಲಿ ನೂರಕ್ಕೆ 81 ಜನ ಅಷ್ಟು ಮಾಡುತ್ತಿರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ಆ ಏಳರ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ನಿಮ್ಮ ಟೀ ಅಂಗಡಿಯ ಮಾತನ್ನು ಓದಿದರೆ ಅರ್ಧ ಉತ್ತರ ಸಿಗುತ್ತದೆ.

ಎರಡನೆಯದು. ಕೆಲಸಕ್ಕೆ ನಡೆಯುವುದು ಬೇರೆ, ಖುಷಿಗೆ ನಡೆಯುವುದು ಬೇರೆ. ಸ್ಕೂಲಿಗೆ, ಅಂಗಡಿಗೆ ಅಂದರೆ ಮಕ್ಕಳು ರಸ್ತೆ ಹೇಗಿದ್ದರೂ ನಡೆಯುತ್ತಾರೆ. ಬೇರೆ ದಾರಿ ಇಲ್ಲವಲ್ಲ. ಖುಷಿಗೆ ನಡೆಯುವಾಗ ಹಾಗಲ್ಲ. ಚೂರು ಬೇಸರ ಆದರೂ, ಚೂರು ಭಯ ಆದರೂ ಬಿಟ್ಟುಬಿಡುತ್ತಾರೆ. ಒತ್ತಾಯ ಮಾಡುವವರು ಯಾರೂ ಇಲ್ಲ. ಅದಕ್ಕೇ ಸುತ್ತಮುತ್ತ ಹೇಗಿದೆ ಅನ್ನುವುದು ಇಲ್ಲಿ ಜಾಸ್ತಿ ಮುಖ್ಯ. 15 ದೇಶಗಳ ಹದಿಹರೆಯದವರ ಮೇಲೆ ಐಪೆನ್ ಅನ್ನುವ ದೊಡ್ಡ ಅಧ್ಯಯನ ನಡೆದಿದೆ. ಅದರಲ್ಲಿ ನಮ್ಮ ದೇಶದಿಂದ ಚೆನ್ನೈ ಇತ್ತು. ಇಂಥ ಅಧ್ಯಯನಗಳಲ್ಲಿ ಏನು ಕೇಳುತ್ತಾರೆ ಗೊತ್ತಾ? ಪಾರ್ಕು ಎಷ್ಟು ದೂರ, ರಸ್ತೆಗಳು ಒಂದಕ್ಕೊಂದು ಕೂಡುತ್ತವಾ, ನೆರಳಿದೆಯಾ, ನೋಡಲು ಚೆಂದ ಇದೆಯಾ, ಗಾಡಿಗಳ ಕಾಟ ಎಷ್ಟು, ಕತ್ತಲಾದ ಮೇಲೆ ಭಯ ಆಗುತ್ತಾ. ನೀವು ಒಂದು ಶನಿವಾರ ಕೊತ್ತಂಬರಿಗೆ ಹೋಗಿ ಬಂದು ಬರೆದಿರುವುದೂ ಹೆಚ್ಚು ಕಡಿಮೆ ಇದೇ.

ಇನ್ನೊಂದು ವಿಷಯ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ರಸ್ತೆಗಳು ಹೇಗಿರಬೇಕು ಅಂತ ಮಾನದಂಡ ಹಾಕುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ನಿಯಮದಲ್ಲಿ ಫುಟ್‌ಪಾತ್‌ನಲ್ಲಿ ಕಡೇಪಕ್ಷ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು ಅಂತಿತ್ತು. 1.8 ಮೀಟರ್ ಅಂದರೆ ಇಬ್ಬರು ಪಕ್ಕಪಕ್ಕ ನಡೆಯುವ ಜಾಗ. ಈ ವಯಸ್ಸಿನವರು ನಡೆಯುವುದು ಯಾಕೆ? ಮಾತಾಡಲು. ಒಬ್ಬರ ಹಿಂದೆ ಒಬ್ಬರು, ಬೈಕು ತಪ್ಪಿಸಿಕೊಂಡು, ಚಪ್ಪಡಿ ನೋಡಿಕೊಂಡು ನಡೆದರೆ ಮಾತು ಸಾಗುವುದಿಲ್ಲ. ಮಾತಿಲ್ಲದಿದ್ದರೆ ಅವರಿಗೆ ಅದು ಬರೀ ವ್ಯಾಯಾಮ.

ನನ್ನ ಸಲಹೆ ಇಷ್ಟೇ. ಒಂದು ಭಾನುವಾರ ಮಗಳು ಮುಂದೆ, ನೀವು ಹಿಂದೆ. ಎಲ್ಲಿ ತಿರುಗಬೇಕು ಅಂತ ಅವಳೇ ಹೇಳಲಿ. ಎಲ್ಲಿ ಅವಳು ಬೇಗ ಬೇಗ ನಡೆಯುತ್ತಾಳೆ, ಎಲ್ಲಿ ನಿಧಾನ ಮಾಡುತ್ತಾಳೆ ಅನ್ನುವುದನ್ನು ಮಾತ್ರ ನೋಡಿ. ದಾರಿಯಲ್ಲಿ ಬುದ್ಧಿ ಹೇಳಬೇಡಿ.

ಸೆಕೆಂಡ್ ಪಿಯು ಹುಡುಗಿ, ವಿಜಯನಗರ:

ಆಂಟಿ, ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಓದುತ್ತೇನೆ ಅಷ್ಟೇ. ಇದಕ್ಕೆ ಬರೆಯಲೇಬೇಕು ಅನ್ನಿಸಿತು. ನನಗೆ 17.

ದೊಡ್ಡವರು ಹೇಳದ ಎರಡು ಮೂರು ವಿಷಯ ಹೇಳುತ್ತೇನೆ.

ಒಂದು, ನಾವು ಹೊರಗೆ ಹೋದರೆ "ಎಲ್ಲಿಗೆ? ಏನು ಕೆಲಸ?" ಅಂತ ಕೇಳುತ್ತಾರೆ. ಮನೆಯಲ್ಲಿ ಮಾತ್ರ ಅಲ್ಲ. ಪಾರ್ಕಿನಲ್ಲಿ ಅರ್ಧ ಗಂಟೆ ಬೆಂಚಿನ ಮೇಲೆ ಕೂತರೆ ವಾಚ್‌ಮನ್ ಅಂಕಲ್ ಎರಡು ಸಲ ಬಂದು ನೋಡಿ ಹೋಗುತ್ತಾರೆ. ಚಿಕ್ಕ ಮಕ್ಕಳಿಗೆ ಜಾರುಬಂಡಿ ಇದೆ. ವಯಸ್ಸಾದವರಿಗೆ ಬೆಂಚು, ನಗೆಕೂಟ ಇದೆ. ನಮಗೆ ಏನಿದೆ? ನಾವು ಉಯ್ಯಾಲೆ ಮೇಲೆ ಕೂತರೆ "ಅದು ಚಿಕ್ಕ ಮಕ್ಕಳಿಗೆ" ಅಂತ ಎಬ್ಬಿಸುತ್ತಾರೆ.

ಎರಡು, ಟೈಮು. ಮೊದಲೆಲ್ಲಾ ಬೆಂಗಳೂರಿನ ಪಾರ್ಕುಗಳಿಗೆ ಬೆಳಿಗ್ಗೆ ಹತ್ತಕ್ಕೆ ಬೀಗ ಬೀಳುತ್ತಿತ್ತು. ತೆಗೆಯುತ್ತಿದ್ದದ್ದು ಮಧ್ಯಾಹ್ನ ಒಂದೂವರೆಗೆ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಬೇಕು ಅಂತ ಮಾಡಿದರು. ನನಗೆ ಅದರಿಂದ ನಿಜವಾಗಲೂ ಉಪಯೋಗ ಆಗಿದೆ. ಕಾಲೇಜು ಮುಗಿದ ಮೇಲೆ ಟ್ಯೂಷನ್ ತನಕ ಒಂದು ಗಂಟೆ ಖಾಲಿ ಇರುತ್ತದೆ. ಆಗ ನಾನು ನನ್ನ ಫ್ರೆಂಡು ಪಾರ್ಕಿನಲ್ಲಿ ಸುತ್ತು ಹಾಕುತ್ತೇವೆ.

ಮೂರು, ನಾವು ದಾರಿ ಹೇಗೆ ಆರಿಸುತ್ತೇವೆ ಅನ್ನುವುದು. ನಮ್ಮ ಮನೆಯಿಂದ ಮೆಟ್ರೋ ಸ್ಟೇಷನ್‌ಗೆ ಹತ್ತಿರದ ದಾರಿ ಒಂದಿದೆ. ನಾವು ಅದರಲ್ಲಿ ಹೋಗುವುದೇ ಇಲ್ಲ. ಅಲ್ಲಿ ಒಂದು ಬಾರ್ ಇದೆ. ಐದು ನಿಮಿಷ ಜಾಸ್ತಿ ಆದರೂ ಟೈಲರ್ ಅಂಗಡಿ, ಸ್ಟೇಷನರಿ ಅಂಗಡಿ, ಗೋಬಿ ಗಾಡಿ ಇರುವ ರಸ್ತೆಯಲ್ಲಿ ಹೋಗುತ್ತೇವೆ. ಅಮ್ಮನಿಗೆ ಇದು ಗೊತ್ತೇ ಇಲ್ಲ. ಹುಡುಗಿಯರ ತಲೆಯಲ್ಲಿ ಬೇರೆಯದೇ ಒಂದು ಮ್ಯಾಪ್ ಇರುತ್ತದೆ ಆಂಟಿ. ಯಾವ ಲೈಟು ಉರಿಯಲ್ಲ, ಯಾವ ತಿರುವಿನಲ್ಲಿ ಹುಡುಗರು ನಿಲ್ಲುತ್ತಾರೆ, ಯಾವ ಮೆಡಿಕಲ್ ಸ್ಟೋರಿಗೆ ಸಡನ್ ಆಗಿ ಒಳಗೆ ಹೋಗಬಹುದು, ಎಲ್ಲಾ. ನಿಮ್ಮ ಮಗಳು ಹೊಸ ಊರಿಗೆ ಬಂದಿದ್ದಾಳೆ. ಅವಳಿಗೆ ಆ ಮ್ಯಾಪ್ ಇಲ್ಲ. ಅದನ್ನು ಮಾಡಿಕೊಡಲು ಒಬ್ಬ ಗೆಳತಿ ಬೇಕು. ಅಮ್ಮ ಸಾಕಾಗಲ್ಲ, ಬೇಜಾರು ಮಾಡ್ಕೋಬೇಡಿ.

ಮತ್ತೆ, ಫೋನ್ ಕಿತ್ತುಕೊಳ್ಳಬೇಡಿ. ಹೊರಗೆ ಹೋಗುವಾಗ ಕೈಯಲ್ಲಿ ಫೋನ್ ಇದ್ದರೇನೇ ಧೈರ್ಯ.

ಬಿಸಿಲೂರಿನ ಅಪ್ಪ, ಕಲಬುರಗಿ:

ತಂಗಿ ವಿಜಯನಗರದವಳು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೂ ಇಬ್ಬರು ಹೆಣ್ಣುಮಕ್ಕಳು.

ನಮ್ಮ ಕಡೆ ಮೊದಲ ತೊಂದರೆ ಬಿಸಿಲು. ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುತ್ತದೆ. ಸಂಜೆ ಆರಾದರೂ ರಸ್ತೆಯಿಂದ ಝಳ ಏಳುತ್ತಿರುತ್ತದೆ. ಅಂಥಾದ್ದರಲ್ಲಿ ನಡೆಯಬೇಕು ಅಂದರೆ ಕತ್ತಲಾಗಬೇಕು. ಕತ್ತಲಾದರೆ ಹೆಣ್ಣುಮಕ್ಕಳನ್ನು ಯಾರು ಬಿಡುತ್ತಾರೆ? ಹಿಂಗಾಗಿ ಬೇಸಿಗೆ ಪೂರ್ತಿ ಮನೆಯಲ್ಲೇ.

ನಾವು ಓಣಿಯ ನಾಲ್ಕು ಮನೆಯವರು ಕೂಡಿ ಒಂದು ಮಾಡಿದೆವು. ರಾತ್ರಿ ಊಟ ಆದ ಮೇಲೆ ಎಂಟೂವರೆಗೆ ಎಲ್ಲರೂ ಒಟ್ಟಿಗೆ ಹೊರಡುವುದು. ಮಕ್ಕಳು ಮುಂದೆ, ನಾವು ಐವತ್ತು ಹೆಜ್ಜೆ ಹಿಂದೆ. ಅವರ ಮಾತು ನಮಗೆ ಕೇಳಿಸಬಾರದು, ಅವರು ನಮ್ಮ ಕಣ್ಣಿಗೆ ಬೀಳಬೇಕು. ಅಷ್ಟು ಅಂತರ. ರಜೆ ದಿನ ಅಪ್ಪನ ಕೆರೆ ತನಕ ಹೋಗುತ್ತೇವೆ. ಇದಕ್ಕೆ ಮೂರು ಬೇಸಿಗೆ ಆಯಿತು. ಮೊದಲು ನಾವು ಕರೆಯುತ್ತಿದ್ದೆವು, ಈಗ ಅವರೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

ರಸ್ತೆ ಬದಿ ಬೇವಿನ ಮರ ಹಚ್ಚಬೇಕು ಅಂತ ಎಲ್ಲಿ ಸಿಕ್ಕಲ್ಲಿ ಹೇಳುತ್ತಿರುತ್ತೇನೆ. ನೆರಳಿದ್ದಿದ್ದರೆ ಐದೂವರೆಗೇ ಹೊರಡಬಹುದಿತ್ತು.

ಕುಕ್ಕರಹಳ್ಳಿ ಕಡೆಯವಳು (ಮೂರು ವಾರದ ನಂತರ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉತ್ತರ ಬರೆಯಲು ತಡ ಆಯಿತು. ಮಾಡಿ ನೋಡಿಯೇ ಬರೆಯೋಣ ಅಂತ ಕಾದೆ.

ದಾವಣಗೆರೆ ಡಾಕ್ಟರು ಹೇಳಿದ ಹಾಗೆ ಭಾನುವಾರ ಮಗಳನ್ನು ಮುಂದೆ ಬಿಟ್ಟು ನಾನು ಹಿಂದೆ ಹೋದೆ. ಗೇಟಿನಿಂದ ಹೊರಗೆ ಬಂದ ತಕ್ಷಣ ನಾನು ದಿನಾ ಹೋಗುವ ಬಲಕ್ಕೆ ಅವಳು ತಿರುಗಲೇ ಇಲ್ಲ. ಎಡಕ್ಕೆ ತಿರುಗಿದಳು. ಸ್ಕೂಲ್ ಬಸ್ಸಿನ ಕಿಟಕಿಯಿಂದ ನೋಡಿಟ್ಟುಕೊಂಡಿದ್ದಳಂತೆ. ಹಿಂದಿನ ಲೇಔಟಿನ ಒಳಗೆ ಹಾದು ಹೋದರೆ ಮನೆಗಳಿವೆ. ಮುಂದೆ ರಂಗೋಲಿ, ಕಾಂಪೌಂಡಿನ ಮೇಲೆ ಮಲ್ಲಿಗೆ ಬಳ್ಳಿ, ಒಂದು ಸಾಲು ಹೊಂಗೆ ಮರ. ಅಲ್ಲಿ ಅವಳ ನಡಿಗೆ ನಿಧಾನ ಆಯಿತು. ಒಂದು ಮನೆಯ ಮುಂದೆ ಬೆಕ್ಕು ಮಲಗಿತ್ತು, ನಿಂತು ಮಾತಾಡಿಸಿದಳು. ನಾನು ಬಾಯಿ ಬಿಗಿಹಿಡಿದು ಸುಮ್ಮನಿದ್ದೆ.

ಆ ದಾರಿ ಹೋಗಿ ಕೂಡುವುದು ರಾಚೇನಹಳ್ಳಿ ಕೆರೆಗೆ! ನಮ್ಮ ಗೇಟಿನಿಂದ 22 ನಿಮಿಷ. ಏಳು ತಿಂಗಳಲ್ಲಿ ನಾನು ಸ್ಕೂಟರಿನಲ್ಲಿ ಆ ಕೆರೆಯ ಪಕ್ಕ ಎಷ್ಟು ಸಲ ಹೋಗಿದ್ದೇನೋ. ಸುತ್ತ ನಡೆಯುವ ದಾರಿ ಇದೆ ಅಂತ ಗಮನಿಸಿರಲೇ ಇಲ್ಲ. ಒಳಗೆ ಹೋದ ಮೇಲೆ ಅವಳು ಒಂದು ಮಾತೂ ಆಡಲಿಲ್ಲ. ನೀರಿನ ಅಂಚಿಗೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳು ತೋರಿಸಿ, "ಅಮ್ಮ, ಅಲ್ಲಿ ನೋಡು, ಹೆಜ್ಜಾರ್ಲೆ" ಅಂದಳು. ಎರಡಿದ್ದವು. ನನಗೆ ಕಣ್ಣು ತುಂಬಿ ಬಂತು.

ದಾರಿಯಲ್ಲಿ ಎರಡು ಕಡೆ ಅವಳು ಬೇಗ ಬೇಗ ನಡೆದಳು. ಒಂದು, ಕಸ ಸುರಿಯುವ ಮೂಲೆ. ಅಲ್ಲಿ ನಾಯಿಗಳು ಜಾಸ್ತಿ. ಅಲ್ಲೇ ಎದುರು ಎಳನೀರು ಮಾರುವ ಅಕ್ಕ ಇದ್ದಾರೆ. ಅವರನ್ನು ಮಾತಾಡಿಸಿದೆ. ಎಲ್ಲಾ ನಾಯಿಗೂ ಹೆಸರಿಟ್ಟಿದ್ದಾರೆ. ಕಿವಿಯ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ, ಇಂಜೆಕ್ಷನ್ ಆಗಿದೆ ಅಂತ ಮಗಳಿಗೆ ಒಂದೊಂದನ್ನೇ ತೋರಿಸಿದರು. ಐದರಲ್ಲಿ ನಾಲ್ಕಕ್ಕೆ ಆಗಿದೆ. ಭಯ ಪೂರ್ತಿ ಹೋಗಿಲ್ಲ. ಆದರೆ ಈಗ ಅವಳು ಆ ಅಕ್ಕನಿಗೆ ಕೈ ಬೀಸಿ ಹೋಗುತ್ತಾಳೆ. ಇನ್ನೊಂದು, ಲೇಔಟ್ ಮುಗಿಯುವಲ್ಲಿ ದೀಪ ಇಲ್ಲದ ತಿರುವು. ಕಂಬದ ನಂಬರ್ ಬರೆದುಕೊಂಡು ಪಾಲಿಕೆಯ ಸಹಾಯವಾಣಿ 1533ಕ್ಕೆ ದೂರು ಕೊಟ್ಟೆ. ಆ ಲೇಔಟಿನ ಇಬ್ಬರು ಗೃಹಿಣಿಯರೂ ಕೊಟ್ಟರು. ಹನ್ನೊಂದನೇ ದಿನಕ್ಕೆ ದೀಪ ಬಂತು.

ಮಲ್ಲೇಶ್ವರದ ಮೇಡಂ, ತಗಡಿನ ಗೋಡೆ ಹಾಗೇ ಇದೆ. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ. ಅಲ್ಲಿ ಮನೆಗಳು ಎದ್ದು ಜನ ಬರುವಷ್ಟರಲ್ಲಿ ನನ್ನ ಮಗಳು ಡಿಗ್ರಿ ಮುಗಿಸಿರುತ್ತಾಳೆ. ಇಂಥ ರಸ್ತೆಗಳ ಪಕ್ಕ ಸಾವಿರಾರು ಮಕ್ಕಳು ಬೆಳೆಯುತ್ತಿದ್ದಾರೆ ಅನ್ನುವುದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಬಡಾವಣೆ ಮಾಡುವವರು ಸೈಟು, ರಸ್ತೆ, ಚರಂಡಿ ಲೆಕ್ಕ ಹಾಕುತ್ತಾರೆ. ಹದಿನಾಲ್ಕು ವರ್ಷದವಳು ಸಂಜೆ ಎಲ್ಲಿಗೆ ಹೋಗಬೇಕು ಅನ್ನುವುದು ಯಾರ ಲೆಕ್ಕದಲ್ಲೂ ಇಲ್ಲ.

ವಿಜಯನಗರದ ಪುಟ್ಟಿ, ನೀನು ಹೇಳಿದ್ದೇ ಸರಿ. ನನ್ನ ಜೊತೆ ಅವಳು ಬಂದದ್ದು ನಾನು ಕರೆದೆ ಅಂತ, ಅಷ್ಟೇ. ಎರಡನೇ ವಾರ ಬಿ ಬ್ಲಾಕಿನ ಒಬ್ಬಳು ಹುಡುಗಿ, ಎಂಟನೇ ಕ್ಲಾಸು, ಲಿಫ್ಟಿನಲ್ಲಿ ಸಿಕ್ಕಿ "ಕೆರೆಗೆ ಹೋಗ್ತೀರಂತೆ, ನಾನೂ ಬರ್ಲಾ ಅಕ್ಕ?" ಅಂತ ಕೇಳಿದಳಂತೆ. ಆ ಮಗುವಿನ ಅಮ್ಮನ ಜೊತೆ ನಾನು ಮಾತಾಡಿದೆ. ಮೊದಲ ಮೂರು ದಿನ ಕಲಬುರಗಿ ಅಣ್ಣ ಹೇಳಿದ ಐವತ್ತು ಹೆಜ್ಜೆ ಅಂತರದಲ್ಲಿ ನಾವಿಬ್ಬರೂ ಹಿಂದೆ ಹೋದೆವು. ಈ ಗುರುವಾರದಿಂದ ಅವರಿಬ್ಬರೇ. ಕತ್ತಲಾಗುವ ಮೊದಲು ವಾಪಸ್, ಕೈಯಲ್ಲಿ ಫೋನ್.

ನಿನ್ನೆ ಆರೂಮುಕ್ಕಾಲಾದರೂ ಬರಲಿಲ್ಲ. ಗಾಬರಿಯಾಗಿ ಬಾಲ್ಕನಿಗೆ ಹೋಗಿ ನೋಡಿದೆ. ಬಂದಿದ್ದರು. ಗೇಟಿನ ಒಳಗೆ ಕಟ್ಟೆ ಹತ್ತಿರ ನಿಂತು ಇನ್ನೂ ಮಾತಾಡುತ್ತಿದ್ದರು. ನಾನು ಕೂಗಲಿಲ್ಲ. ಮೇಲೆ ಬಂದಾಗ ಏಳೂಕಾಲು.

ರಾಚೇನಹಳ್ಳಿ ಕೆರೆ ಕಡೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಹದಿಮೂರರಿಂದ ಹದಿನೇಳರ ಹೆಣ್ಣುಮಕ್ಕಳಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ. ಇವರು ದಿನಾ ಐದೂಕಾಲಿಗೆ ಹೊರಡುತ್ತಾರೆ.